ಬಿರಡೆ ಕಂಡವರು

ನಮ್ಮೂರಿನಲ್ಲಿ ಬಾಟಲಿಯ ಬಿರಡೆಯನ್ನು ಯಾರೂ ಕೀಳುವುದಿಲ್ಲ. ಕಿತ್ತರೂ ಬರುವುದಿಲ್ಲ. ವರ್ಷಕ್ಕೊಂದು ಸಲ, ಚಳಿ ಹಿಂದೆ ಸರಿಯುವ ಹೊತ್ತಿಗೆ, ಲಾರಿಯೊಂದು ಬಂದು ಮನೆಗೊಂದರಂತೆ ಹಸಿರು ಬಾಟಲಿ ಇಳಿಸಿ ಹೋಗುತ್ತದೆ. ಉದ್ದ ಕತ್ತಿನ ಬಾಟಲಿ, ಹೊಟ್ಟೆಯ ಮೇಲೊಂದು ಚೀಟಿ, ಚೀಟಿಯ ಮೇಲೆ ಒಂದು ಹೊಳೆ, ಹೊಳೆಯ ದಡದಲ್ಲಿ ಕಡಿದಾದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ. ಜರ್ಮನಿಯದಂತೆ. ಒಳಗಿರುವುದು ಅರೆಸಿಹಿ ಬಿಳಿ ವೈನು. ರೀಸ್ಲಿಂಗ್ ಅಂತ ಅದರ ಹೆಸರು, ನಾವು ಸುಮ್ಮನೆ ‘ಬಿಳೀದು’ ಅನ್ನುತ್ತೇವೆ. ಅದರ ಮುಂದೆ ಅದಕ್ಕೊಪ್ಪುವ ಊಟ ಇಟ್ಟರೆ ಬಿರಡೆ ತಾನೇ ಮೇಲೆ ಬರುತ್ತದೆ. ಒಪ್ಪದಿದ್ದರೆ ಇಲ್ಲ. ಯಾಕೆ ಹೀಗೆ ಅಂತ ಕೇಳುವ ಪುರುಸೊತ್ತು ನಮಗೆ ಯಾರಿಗೂ ಇಲ್ಲ.

ಒಬ್ಬ ಜಾಣ ಒಮ್ಮೆ ಬಾಟಲಿಯ ಕತ್ತು ಒಡೆದು ನೋಡಿದ. ಒಳಗಿದ್ದದ್ದು ಬಾವಿ ನೀರು. ಅವನ ಹೆಂಡತಿ ಇಡೀ ವರ್ಷ ಅದನ್ನೇ ಹೇಳಿ ಅವನನ್ನು ತಿವಿದಳು. ಅದಾದ ಮೇಲೆ ಎಲ್ಲರೂ ತಟ್ಟೆ ಇಟ್ಟು ಕಾಯುವುದನ್ನು ಕಲಿತರು. ಮೇಷ್ಟರ ಮನೆಯ ಬಾಟಲಿ ಆರು ತಿಂಗಳು ಬಾಯಿ ಮುಚ್ಚಿಕೊಂಡಿತ್ತು. ಕೊನೆಗೆ ಮೇಷ್ಟರು ಸಂತೆಯಿಂದ ತಂದ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿದಾಗ ಅದೂ ಬಿಚ್ಚಿಕೊಂಡಿತು. ಆರು ತಿಂಗಳು ಬೆವರು ಸುರಿಸಿ ಬೇಯಿಸಿದ ಮೇಷ್ಟರ ಹೆಂಡತಿಗೆ ಇದಕ್ಕಿಂತ ಅವಮಾನ ಬೇಕೆ? ಪಾಯಸ, ಹೋಳಿಗೆ ಇಟ್ಟರಂತೂ ಬಿರಡೆ ಇನ್ನಷ್ಟು ಬಿಗಿಯುತ್ತದೆ. ತನಗಿಂತ ಸಿಹಿಯಾದದ್ದನ್ನು ಕಂಡರೆ ಅದಕ್ಕೆ ಆಗದು. ಖಾರ, ಹುಳಿ, ಹೊಗೆ, ಶುಂಠಿ, ಹಂದಿಯ ಕೊಬ್ಬು, ಏಡಿ, ಇವುಗಳ ಕಡೆ ಅದರ ಒಲವು. ಆದರೂ ಒಂದೊಂದು ಬಾಟಲಿಗೆ ಒಂದೊಂದು ಹಟ. ಹೋದ ವರ್ಷ ಏಡಿಗೆ ಬಿಟ್ಟುಕೊಟ್ಟದ್ದು ಈ ವರ್ಷ ಏಡಿಯನ್ನು ತಿರುಗಿಯೂ ನೋಡುವುದಿಲ್ಲ.

ಇಷ್ಟೆಲ್ಲ ಮಾಡಿ ಕುಡಿಯುವುದೇನು? ಸಿಹಿಯಾಗುವುದಕ್ಕೂ ಮನಸ್ಸಿಲ್ಲದ, ಹುಳಿಯಾಗುವುದಕ್ಕೂ ಧೈರ್ಯವಿಲ್ಲದ ಒಂದು ಪಾನಕ. ಇದನ್ನು ನಾನು ಬಾಯಿಬಿಟ್ಟು ಹೇಳಿದರೆ ಜವರಪ್ಪನಿಗೆ ಸಿಟ್ಟು. ಈ ಜವರಪ್ಪ ಹರೆಯದಲ್ಲಿ ಹಡಗಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಹೋಗಿ, ಜರ್ಮನಿಯ ಯಾವುದೋ ಬಂದರಿನಲ್ಲಿ ಹನ್ನೊಂದು ದಿನ ಇದ್ದು ಬಂದವನು. ಹನ್ನೊಂದೇ ದಿನ! ಅಷ್ಟಕ್ಕೆ ಊರಿಗೆ ಅವನು ಜರ್ಮನಿ ಜವರಪ್ಪನವರಾದ. ಯಾರ ಮನೆಯಲ್ಲಿ ಬಿರಡೆ ಬಂದರೂ ಅವನಿಗೊಂದು ಕುರ್ಚಿ. ಲೋಟದೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, “ಹಸಿರು ಸೇಬು... ನಿಂಬೆ ಹೂವು... ಮಳೆ ಬಿದ್ದ ಕಲ್ಲು... ಹಿಂದ್ಗಡೆ ಒಂಚೂರು ಸೀಮೆಎಣ್ಣೆ...” ಅನ್ನುತ್ತಾನೆ. ಸುತ್ತ ಕೂತವರು ತಲೆದೂಗುತ್ತಾರೆ. ಸೇಬಿನ ಮರ ಕಂಡವರು ಆ ಗುಂಪಿನಲ್ಲಿ ಒಬ್ಬರೂ ಇರುವುದಿಲ್ಲ. “ಸೀಮೆಎಣ್ಣೆ ಮೂಸ್ಬೇಕು ಅಂದ್ರೆ ನಮ್ಮನೆ ಸ್ಟೌ ಇಲ್ವಾ ಜವರಪ್ಪೋರೆ?” ಅಂತ ನಾನೊಮ್ಮೆ ಕೇಳಿದೆ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಆ ಎರಡು ತಿಂಗಳು ನಾನು ಹಾಯಾಗಿದ್ದೆ.

ನನ್ನ ಹೆಸರು ದೇವಾಜಮ್ಮ. ಬಿರಡೆ ಬರಿಸುವ ಕೈ ಅಂದರೆ ನಮ್ಮೂರಿನಲ್ಲಿ ನನ್ನದೇ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಎಂಟು ತಿಂಗಳು ಮುಚ್ಚಿಕೊಂಡಿದ್ದ ಬಾಟಲಿಯನ್ನು ಹಂದಿ ಹುರುಕಲಿನ ಒಂದು ತುಂಡಿಗೆ ಬಾಯಿ ಬಿಡಿಸಿದವಳು ನಾನು. ಚೆನ್ನಾಗಿಲ್ಲದ ಅಡಿಗೆಯನ್ನು ಚೆನ್ನಾಗಿದೆ ಅಂತ ಮುಲಾಜಿಗೆ ಹೇಳಿದವಳಲ್ಲ, ಗಂಡ ಬದುಕಿದ್ದಾಗ ಅವನ ತಾಯಿಯ ಅಡಿಗೆಗೂ ಹೇಳಲಿಲ್ಲ. ನನ್ನ ನಾಲಿಗೆಗೆ ಹೆದರಿ ಜನ ನನ್ನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಅಡಿಗೆಗೆ ಮಾತ್ರ ಕರೆಯುತ್ತಾರೆ.

ಇನ್ನು ಬಿರಡೆ ಶಾಸ್ತ್ರ. ಇದನ್ನು ಯಾವ ಪುಣ್ಯಾತ್ಮ ಶುರು ಮಾಡಿದನೋ, ಅವನ ಬಾಯಿಗೆ ಬೂದಿ ಬೀಳಲಿ. ಮದುವೆ ಮಾತು ಗಟ್ಟಿಯಾಗಬೇಕಾದರೆ ಗಂಡಿನ ಕಡೆಯವರು ತಮ್ಮ ಮನೆಯ ಬಾಟಲಿ ತಂದು ಹೆಣ್ಣಿನ ಮನೆಯ ಅಂಗಳದ ಕಲ್ಲಿನ ಮೇಲೆ ಇಡಬೇಕು. ಹೆಣ್ಣಿನ ಕಡೆಯವರು ಬೇಯಿಸಿ, ಒಂದು ಸಲಕ್ಕೆ ಒಂದೇ ತಟ್ಟೆಯಂತೆ ಅದರ ಮುಂದೆ ಇಡಬೇಕು. ಒಮ್ಮೆ ಎತ್ತಿದ ತಟ್ಟೆಯನ್ನು ಮತ್ತೆ ಇಡುವಂತಿಲ್ಲ. ಬಿರಡೆ ಬರುವತನಕ ಮದುವೆ ಹೆಣ್ಣು ಬಾಟಲಿಯ ಪಕ್ಕ ಕೂತಿರಬೇಕು, ತುಟಿ ಬಿಚ್ಚಬಾರದು. ಅಲ್ಲಿಯತನಕ ಯಾರೂ ಉಣ್ಣಬಾರದು. ಕಲ್ಲಿನ ಮೇಲಿನ ಬಿಸಿಲು ಇಳಿಯುವುದರೊಳಗೆ ಬಿರಡೆ ಬಂದರೆ ಮದುವೆ, ಇಲ್ಲದಿದ್ದರೆ ಬೀಗರಾಗಬೇಕಾದವರು ಬಾಟಲಿ ಎತ್ತಿಕೊಂಡು ನಡೆದರು. ಹಾಗೆ ಹೋದ ಬಾಟಲಿ ಮತ್ತೆ ಯಾವ ಊಟಕ್ಕೂ ಬಾಯಿ ಬಿಡುವುದಿಲ್ಲ. ಆ ಹುಡುಗಿಯನ್ನು ಕೇಳಿಕೊಂಡು ಮತ್ತೆ ಯಾರೂ ಬರುವುದಿಲ್ಲ. ಒಂದು ಮರದ ತುಂಡು ಹುಡುಗಿಯೊಬ್ಬಳ ಹಣೆಬರಹ ಬರೆಯುವ ಊರು ಇದು. ಉಗಿಯಿರಿ ಬೇಕಾದರೆ. ನಾನು ಉಗಿದೂ ಉಗಿದೂ ಅದನ್ನೇ ಪಾಲಿಸಿದವಳು.

ಇಪ್ಪತ್ತೆರಡು ವರ್ಷದ ಹಿಂದೆ ಪಕ್ಕದ ಬೀದಿಯ ಬೋರಮ್ಮ ತನ್ನ ತಂಗಿ ಹೊಂಬಾಳಮ್ಮನ ಬಿರಡೆ ಶಾಸ್ತ್ರ ಮಾಡಿದಳು. ಅವರಿಗೆ ತಾಯಿ ಇರಲಿಲ್ಲ. ಅಡಿಗೆಗೆ ನನ್ನನ್ನು ಕರೆಯುತ್ತಾಳೆ ಅಂತ ಕಾದೆ, ಕರೆಯಲಿಲ್ಲ. ತಾನೇ ಬೇಯಿಸಿದಳು. ಹೋಗಿ ಮುಂದಿನ ಸಾಲಿನಲ್ಲೇ ಕೂತೆ, ಹೊಟ್ಟೆಯೊಳಗೆ ಕಿಚ್ಚು ಇಟ್ಟುಕೊಂಡು. ಮೂರು ತಟ್ಟೆ ಹೋದವು, ಬಿರಡೆ ಬರಲಿಲ್ಲ. ನಾಲ್ಕನೆಯದು ಸಿಗಡಿ ಸಾರು. ಅದರ ವಾಸನೆ ನನ್ನ ಮೂಗಿಗೆ ಬಡಿದಾಗಲೇ ಗೊತ್ತಾಯಿತು, ಇದು ಒಳ್ಳೆಯ ಸಾರು. ನನ್ನದಕ್ಕಿಂತ ಒಳ್ಳೆಯದು. ತಟ್ಟೆ ಇಟ್ಟು ಸ್ವಲ್ಪ ಹೊತ್ತಾಗಿರಬೇಕು, ಬಿರಡೆ ಎಳ್ಳಿನಷ್ಟು ತಿರುಗಿತು. ನಾನು ಕಂಡೆ. ಕಂಡು, “ಏನೇ ಬೋರಿ, ನಿನ್ ಸಾರು ನೋಡಿ ಬಿರಡೆ ಇನ್ನೊಂದು ಗೇಣು ಒಳಕ್ಕೋಯ್ತಲ್ಲೇ!” ಅಂದುಬಿಟ್ಟೆ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಬೋರಮ್ಮ ಮುಖ ಕೆಂಪಗೆ ಮಾಡಿಕೊಂಡು ತಟ್ಟೆ ಎತ್ತಿದಳು. ಎತ್ತಿದ ಮೇಲೆ ಮುಗಿಯಿತು. ‘ಅಲ್ಲಾಡಿತು ಕಣೇ, ಎತ್ತಬೇಡ’ ಅನ್ನುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಹೊಂಬಾಳಮ್ಮನಿಗೆ ಮದುವೆಯಾಗಲಿಲ್ಲ, ಅಕ್ಕನ ಮನೆಯಲ್ಲೇ ಉಳಿದಳು. ನನ್ನ ಮಾತು ಊರಿನಲ್ಲಿ ಗಾದೆಯಾಯಿತು. ಯಾರ ಸಾರು ಕೆಟ್ಟರೂ ಜನ ಅದನ್ನೇ ಹೇಳಿ ನಗುತ್ತಾರೆ. ಬೋರಮ್ಮ ಅಂದಿನಿಂದ ನಾಲ್ಕು ಜನರ ಮುಂದೆ ಸೌಟು ಹಿಡಿದವಳಲ್ಲ.

ಈಗ ಕೇಳಿ ನನ್ನ ಗ್ರಹಚಾರ. ಊರಿನಲ್ಲಿ ಅಷ್ಟು ಗಂಡುಮಕ್ಕಳಿದ್ದರೂ ನನ್ನ ಮಗಳು ಸುಗುಣಳಿಗೆ ಬೋರಮ್ಮನ ಮಗ ಚಲುವರಾಜುವೇ ಆಗಬೇಕಿತ್ತಂತೆ. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಹುಡುಗ. ಕೆಟ್ಟವನಲ್ಲ, ಅಷ್ಟು ಮಾತ್ರ ಒಪ್ಪುತ್ತೇನೆ.

“ಬೇರೆ ಯಾರೂ ಸಿಗ್ನಿಲ್ವೇನೇ ನಿಂಗೆ? ಆ ಮನೇಲಿ ಏನು ತಿಂದು ಬದುಕ್ತೀಯ?” ಅಂದೆ.

“ನೀನು ಒಂದಿನನಾದ್ರೂ ಅವರ ಮನೇಲಿ ಉಂಡಿದ್ದೀಯೇನವ್ವ?”

“ಉಣ್ಣೋದ್ಯಾಕೆ, ಮೂಸಿದ್ದೀನಿ.”

“ನಾನು ಉಂಡಿದ್ದೀನಿ,” ಅಂದಳು ಸುಗುಣ. “ಚೆನ್ನಾಗದೆ. ನಿನ್ನಷ್ಟೇ ಚೆನ್ನಾಗದೆ. ಅವನನ್ನ ಬಿಟ್ಟು ಇನ್ಯಾರ್ನೂ ನಾನು ಒಲ್ಲೆ. ಬಿರಡೆ ಬರ್ನಿಲ್ಲ ಅಂದ್ರೆ ಹೊಂಬಾಳತ್ತೆ ತರ ಇದ್ದುಬುಡ್ತೀನಿ, ತಿಳ್ಕೊ.”

ಹೊಂಬಾಳಮ್ಮನ ಹೆಸರು ಬಂದ ಮೇಲೆ ಹೂಂ ಅಂದೆ. ಹೆದರಿಕೆ ಇರಲಿಲ್ಲ. ಊರಿನ ಬಿರಡೆಗಳೆಲ್ಲ ನನ್ನ ಮಾತು ಕೇಳುತ್ತಿದ್ದವಲ್ಲ, ನನ್ನ ಮಗಳ ಬಿರಡೆ ಕೇಳುವುದಿಲ್ಲವೇ?

ಶಾಸ್ತ್ರದ ದಿನ ಬೋರಮ್ಮ ತನ್ನ ಬಳಗ ಕಟ್ಟಿಕೊಂಡು ಬಂದಳು. ಗಟ್ಟಿ ಅಂಚಿನ ಸೀರೆ, ಬಿಗಿದ ತುರುಬು, ಅದಕ್ಕಿಂತ ಬಿಗಿದ ತುಟಿ. ಬಾಟಲಿಯನ್ನು ಕಲ್ಲಿನ ಮೇಲೆ ಇಟ್ಟು ಎದುರಿಗೆ ಕೂತಳು. ಅವಳ ಪಕ್ಕದಲ್ಲಿ ಹೊಂಬಾಳಮ್ಮ. ನಲವತ್ತು ದಾಟಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ಅವಳ ಕಡೆ ನೋಡಲಿಲ್ಲ. ಇಷ್ಟು ವರ್ಷ ಬೀದಿಯಲ್ಲಿ ಎದುರಾದಾಗಲೂ ನೋಡಿದವಳಲ್ಲ. ಜರ್ಮನಿ ಜವರಪ್ಪ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು. ಸುಗುಣ ಹಸಿರು ಸೀರೆ ಉಟ್ಟು ಬಾಟಲಿಯ ಪಕ್ಕ ಮಣೆಯ ಮೇಲೆ.

ಮೊದಲ ತಟ್ಟೆ ಹಂದಿ ಹುರುಕಲು. ಕೊಬ್ಬು ಕರಗುವತನಕ ಹುರಿದು, ಕರಿಮೆಣಸು ಕುಟ್ಟಿ ಹಾಕಿ, ಹುಣಸೆ ಹಿಂಡಿದ್ದು. ಇಷ್ಟಕ್ಕೇ ಮುಗಿಯುತ್ತದೆ, ಉಳಿದದ್ದೆಲ್ಲ ಬರೀ ಊಟಕ್ಕೆ ಅಂತ ತಿಳಿದಿದ್ದೆ. ತಟ್ಟೆ ಇಟ್ಟು ಕೈ ಕಟ್ಟಿ ನಿಂತೆ. ನಿಂತೇ ಇದ್ದೆ. ಕೊಬ್ಬು ಆರಿ ತಟ್ಟೆಗೆ ಹೆಪ್ಪುಗಟ್ಟಿತು, ಬಿರಡೆ ಮಿಸುಕಲಿಲ್ಲ. ಎರಡನೆಯದು ಏಡಿ ಸಾರು, ಹಸಿ ಶುಂಠಿ ಜಜ್ಜಿ ಹಾಕಿದ್ದು. ಇಲ್ಲ. ಮೂರನೆಯದು ಮಾವಿನಕಾಯಿ ಹಾಕಿ ಬೇಯಿಸಿದ ಬಾತುಕೋಳಿ. ಅದರ ವಾಸನೆಗೆ ಬೀದಿಯ ನಾಯಿಗಳೆಲ್ಲ ಬಾಗಿಲಿಗೆ ಬಂದವು. ಬಾಟಲಿ ಮಾತ್ರ ಮುನಿಸಿಕೊಂಡ ಅತ್ತೆಯ ಹಾಗೆ ಕೂತಿತ್ತು.

“ನಿಮ್ ಕೈರುಚಿ ಊರಿಗೆಲ್ಲ ಗೊತ್ತು ದೇವಾಜಮ್ಮಾರೆ,” ಅಂದಳು ಬೋರಮ್ಮ, ಬೀಸಣಿಗೆ ಬೀಸಿಕೊಳ್ಳುತ್ತ. “ಈ ಬಿರಡೆಗೆ ಯಾರೂ ಹೇಳ್ದಂಗೆ ಕಾಣ್ನಿಲ್ಲ.”

ಅವಳ ಕಡೆಯವರು ನಕ್ಕರು. ನನ್ನ ಕಡೆಯವರೂ ಒಂದಿಬ್ಬರು ನಕ್ಕರು, ಅವರು ಯಾರು ಯಾರು ಅಂತ ನನಗೆ ಗೊತ್ತಿದೆ.

ಆಗ ಜವರಪ್ಪನ ವಿದ್ಯೆ ಕೆರಳಿತು. “ಜರ್ಮನಿ ಬಿರಡೆ ಕಣಮ್ಮ ಇದು. ಜರ್ಮನಿ ಊಟ ಕಂಡ್ರೇನೇ ಅದಕ್ಕೆ ಜೀವ ಬರೋದು. ಇಂಥ ಹೊತ್ತಿಗೆ ಬೇಕಾಯ್ತದೆ ಅಂತ ನಾನು ಮಡಗಿದ್ದೆ,” ಅಂತ ಚೀಲದಿಂದ ಎರಡು ಡಬ್ಬಿ ತೆಗೆದ. ಒಂದರಲ್ಲಿ ಮೆತ್ತಗಿನ ಚೀಸು, ಇನ್ನೊಂದರಲ್ಲಿ ಸಾಸೇಜು, ಹಂದಿಯ ಕರುಳಿಗೆ ಹಂದಿಯನ್ನೇ ಕೊಚ್ಚಿ ತುಂಬಿದ್ದು. ಬೇರೆ ದಿನವಾಗಿದ್ದರೆ ಡಬ್ಬಿಯ ಸಮೇತ ಅವನನ್ನು ಬೀದಿಗೆ ಅಟ್ಟುತ್ತಿದ್ದೆ. ಅಂದು ನಾನೇ ತಟ್ಟೆ ತಂದುಕೊಟ್ಟೆ. ನೋಡಿ, ನನ್ನ ಗತಿ ಎಲ್ಲಿಗೆ ಬಂತು! ಹೆಣ್ಣಿನ ತಾಯಿ ಡಬ್ಬಿಯ ಊಟ ಬಡಿಸಿದಳು. ಚೀಸು ಬಿಸಿಲಿಗೆ ಬೆವರಿತು, ಸಾಸೇಜಿಗೆ ನೊಣ ಮುತ್ತಿತು. ಬಿರಡೆ ಅಲುಗಲಿಲ್ಲ.

“ಡಬ್ಬಿ ಹಳೇದು,” ಅಂದ ಜವರಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಒಳಗೆ ಬಂದು ಒಲೆಯ ಮುಂದೆ ಕೂತೆ. ಆಗ ಹೆದರಿದೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಕಲ್ಲಿನ ಅರ್ಧಕ್ಕೆ ನೆರಳು ಬಂದಿತ್ತು. ಸುಗುಣ ಬೆಳಿಗ್ಗೆಯಿಂದ ನೀರು ಕೂಡ ಮುಟ್ಟಿರಲಿಲ್ಲ, ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಮಾತಾಡುವ ಹಾಗಿಲ್ಲವಲ್ಲ, ಕಣ್ಣಿನಲ್ಲೇ ‘ಅವ್ವ, ಏನಾದ್ರೂ ಮಾಡು’ ಅನ್ನುತ್ತಿದ್ದಳು. ಚಲುವರಾಜು ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದ. ನನ್ನ ಮಗಳು ನಲವತ್ತು ದಾಟಿ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿ, ಯಾರದೋ ಶಾಸ್ತ್ರದಲ್ಲಿ ಪಕ್ಕಕ್ಕೆ ಕೂತಿರುವುದು ನನ್ನ ಕಣ್ಣಿಗೆ ಕಂಡಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅತ್ತರೆ ಬಿರಡೆ ಬರುತ್ತದೆಯೇ? ಮೂಗು ಒರೆಸಿಕೊಂಡು ಎದ್ದೆ. ಹೊಳೆಯ ಮೀನು ಎರಡು ಉಳಿದಿದ್ದವು. ಒಂದು ಹಿಡಿ ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿ, ಕೆಂಡದ ಮೇಲೆ ಮೀನು ಸುಟ್ಟೆ. ಹುಣಸೆಹಣ್ಣು, ಸೂಜಿಮೆಣಸು, ಬೆಳ್ಳುಳ್ಳಿ ಅರೆದು ಗೊಜ್ಜು ಮಾಡಿ, ಖಾರದ ಕೊನೆಗೆ ನಾಲಿಗೆಗೆ ಸಿಕ್ಕೂ ಸಿಗದ ಹಾಗೆ ಒಂದು ಚೂರು ಬೆಲ್ಲ ಹಾಕಿದೆ. ರುಚಿ ನೋಡಿದೆ. ಚೆನ್ನಾಗಿತ್ತು. ಬೆಳಿಗ್ಗೆಯಿಂದ ಮಾಡಿದ್ದೆಲ್ಲವೂ ಚೆನ್ನಾಗಿತ್ತು, ಅದರಿಂದ ಏನು ಬಂತು?

ತಟ್ಟೆ ಇಟ್ಟಾಗ ಕಲ್ಲಿನ ಮೇಲೆ ನಾಲ್ಕು ಬೆರಳು ಬಿಸಿಲಿತ್ತು. ಎಲ್ಲರೂ ಹಸಿದಿದ್ದರು, ಹಸಿದ ಜನಕ್ಕೆ ಬೇರೆಯವರ ಮಗಳ ಚಿಂತೆ ಎಷ್ಟು ಹೊತ್ತು ಇರುತ್ತದೆ? ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಮೂರು ಬೆರಳಾಯಿತು, ಎರಡು ಬೆರಳಾಯಿತು. ಮೀನಿನ ಹೊಗೆಯ ವಾಸನೆ ಅಂಗಳದಲ್ಲಿ ನಿಂತಿತ್ತು. ಒಂದು ಬೆರಳಿಗೆ ಬಂದಾಗ ಜವರಪ್ಪ ಕುರ್ಚಿಯಿಂದ ಎದ್ದು ಪಂಚೆ ಕೊಡವಿದ.

“ಆಯ್ತು ಕಣಮ್ಮ, ಇನ್ನೇನು ಬತ್ತದೆ? ತಟ್ಟೆ ತಗೀರಿ. ಅವರೂ ಊರು ಸೇರ್ಕೊಬೇಕು.”

ಪಕ್ಕದ ಬೀದಿಯವರಿಗೆ ಯಾವ ಊರು ಸೇರಬೇಕಿತ್ತೋ! ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಆ ಪಾತ್ರೆ ತೊಳೆಯುವವನ ಬಾಯಿಂದ ಇನ್ನೊಂದು ಸಲ ಹೇಳಿಸಿಕೊಳ್ಳುವುದೇ? ಬೋರಮ್ಮನ ಬೀಸಣಿಗೆಯ ಹಿಂದಿನ ನಗು ನೋಡುವುದೇ? ನನ್ನ ತಟ್ಟೆ ನಾನೇ ಎತ್ತುತ್ತೇನೆ ಅಂತ ದಾಪುಗಾಲು ಹಾಕಿ ಹೋಗಿ ಬಗ್ಗಿದೆ. ಕಣ್ಣಿನಲ್ಲಿ ನೀರು ತುಂಬಿ ತಟ್ಟೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಎರಡು ಕೈಯಲ್ಲೂ ತಟ್ಟೆಯ ಅಂಚು ಹಿಡಿದೆ.

“ದೇವಾಜಕ್ಕ, ಎತ್ಬೇಡಿ. ಅಲ್ಲಾಡ್ತು.”

ತಲೆ ಎತ್ತಿದೆ. ಹೇಳಿದವಳು ಹೊಂಬಾಳಮ್ಮ. ಕೂತಲ್ಲೇ ಕೂತಿದ್ದಳು, ಕಣ್ಣು ಬಿರಡೆಯ ಮೇಲಿತ್ತು.

“ಎಲ್ಲಿ? ನಾನೇನೂ ಕಾಣ್ನಿಲ್ವಲ್ಲ,” ಅಂದ ಜವರಪ್ಪ.

“ನಿಮ್ ಕಣ್ಣು ಕೈ ಗಡಿಯಾರದ ಮೇಲಿತ್ತು.”

ಬೋರಮ್ಮ ತಂಗಿಯ ಕಡೆ ತಿರುಗಿದಳು. “ಸರಿಯಾಗಿ ನೋಡಿ ಹೇಳು ಹೊಂಬಾಳೆ. ಇದು ಹುಡುಗಾಟ ಅಲ್ಲ.”

“ನೋಡೇ ಹೇಳ್ತಿರೋದು ಅಕ್ಕ. ಎಳ್ಳಷ್ಟು ತಿರುಗ್ತು. ಕಾಯಿರಿ.”

ಗಂಡಿನ ಕಡೆಯವರೇ ಹೇಳಿದ ಮೇಲೆ ಯಾರೂ ಎದುರಾಡುವ ಹಾಗಿಲ್ಲ. ನಾನು ತಟ್ಟೆಯ ಅಂಚಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡೆ, ಎಲ್ಲಿ ತಟ್ಟೆ ಮೇಲೆದ್ದೀತೋ ಅಂತ. ಕಲ್ಲಿನ ಪಕ್ಕದಲ್ಲೇ ಮೊಣಕಾಲೂರಿ ಕೂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿರಡೆ ತಿರುಗಿತು. ಈ ಸಲ ಎಲ್ಲರೂ ಕಂಡರು. ನಿಧಾನಕ್ಕೆ, ಬೇಕೋ ಬೇಡವೋ ಅನ್ನುವ ಹಾಗೆ ತಿರುಗಿಕೊಂಡು ಮೇಲೆ ಬಂದು, ಬಾಟಲಿಯ ಬಾಯಿಯ ಮೇಲೆ ಒಂದು ಗಳಿಗೆ ನಿಂತು, ಕಲ್ಲಿನ ಮೇಲೆ ಬಿದ್ದು ಉರುಳಿತು. ಬಿಸಿಲಿನ ಕೊನೆಯ ಎಳೆ ಇನ್ನೂ ಇತ್ತು. ಅಂಗಳವೆಲ್ಲ ಕೂಗಿತು. ಬೆಳಿಗ್ಗೆಯಿಂದ ಬಾಯಿ ಕಟ್ಟಿ ಕೂತಿದ್ದ ನನ್ನ ಮಗಳು ಮೊದಲು ಆಡಿದ ಮಾತು, “ಅವ್ವ, ಹೊಟ್ಟೆ ಹಸೀತದೆ.”

ಬಿರಡೆ ಬಂದರೂ ಮಾತು ಗಟ್ಟಿಯಾಗುವುದಕ್ಕೆ ಇನ್ನೊಂದು ಕಟ್ಟಳೆ ಇದೆ. ಅಲ್ಲಾಡಿದ್ದನ್ನು ಮೊದಲು ಕಂಡವರಿಗೆ ಮೊದಲ ಲೋಟ, ಹೆಣ್ಣಿನ ತಾಯಿಯೇ ಕೈಯಾರೆ ಒಯ್ದು ಕೊಡಬೇಕು. ಅವರು ಕುಡಿದರೆ ಮದುವೆ ಗಟ್ಟಿ. ಲೋಟ ತುಂಬಿಸಿಕೊಂಡು ಹೋದೆ. ಹತ್ತು ಹೆಜ್ಜೆಯ ಅಂಗಳ. ಆ ಹತ್ತು ಹೆಜ್ಜೆಯಲ್ಲಿ ನನಗೆ ಒಂದೇ ಯೋಚನೆ. ಇವಳು ಸುಮ್ಮನಿದ್ದಿದ್ದರೆ? ಕಂಡವಳು ಇವಳೊಬ್ಬಳೇ. ನನ್ನ ಕೈ ತಟ್ಟೆಯ ಮೇಲಿತ್ತು. ಇನ್ನೊಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಿದ್ದರೆ ನನ್ನ ಮಗಳ ಬಾಳನ್ನು ನಾನೇ ನನ್ನ ಕೈಯಾರೆ ಎತ್ತಿ ಒಳಗೆ ಒಯ್ಯುತ್ತಿದ್ದೆ. ನಾನು ಇವಳಿಗೆ ಮಾಡಿದ್ದು ಅದನ್ನೇ ಅಲ್ಲವೇ?

ಅವಳ ಮುಂದೆ ಕೂತು ಲೋಟ ಕೊಟ್ಟೆ. ಅವಳು ಎರಡು ಕೈಯಲ್ಲಿ ತೆಗೆದುಕೊಂಡಳು. ನನಗೆ ತಡೆಯಲಾಗಲಿಲ್ಲ. ಯಾರಿಗೂ ಕೇಳದ ಹಾಗೆ ಅವಳ ಕಿವಿಯ ಹತ್ತಿರ ಬಗ್ಗಿ, “ಹೊಂಬಾಳೆ, ಅವತ್ತು ನಿನ್ ಶಾಸ್ತ್ರದಲ್ಲಿ... ಬಿರಡೆ ಅಲ್ಲಾಡಿತ್ತು ಕಣಮ್ಮ. ನಾನು ನೋಡಿದ್ದೆ,” ಅಂದೆ.

“ಗೊತ್ತು,” ಅಂದಳು. “ನಾನೂ ನೋಡಿದ್ದೆ. ಪಕ್ಕದಲ್ಲೇ ಕೂತಿದ್ನಲ್ಲ.”

ತಲೆ ಹಿಂದಕ್ಕೆ ತೆಗೆದು ಅವಳ ಮುಖ ನೋಡಿದೆ.

“ಮದುವೆ ಹೆಣ್ಣು ಮಾತಾ‌ಡಂಗಿಲ್ಲ,” ಅಂದಳು ಹೊಂಬಾಳಮ್ಮ. “ನಿಮ್ ಕಣ್ಣು ಬಿರಡೆ ಮೇಲಿದ್ದಿದ್ದು ಕಂಡೆ. ನೀವು ಹೇಳ್ತೀರ ಅಂತ ಕಾದೆ.” ಲೋಟದೊಳಗೆ ನೋಡಿದಳು. “ಈಗ್ಲೂ ನೋಡಿ, ನನ್ ಕಿವೀಲೇ ಹೇಳ್ತಿದ್ದೀರ.”

ಅವಳು ಗಟ್ಟಿಯಾಗಿ ಹೇಳು ಅನ್ನಲಿಲ್ಲ. ಕುಡಿಯಲೂ ಇಲ್ಲ. ಲೋಟ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಸುಗುಣ ಆ ಕಡೆಯಿಂದ ನಗುತ್ತ ನೋಡುತ್ತಿದ್ದಳು. ನಾನು ಬಾಯಿಬಿಟ್ಟರೆ ಬೋರಮ್ಮ ಎದ್ದು ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು, ನಾನಾಗಿದ್ದರೂ ಹೋಗುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ? ಹೊಂಬಾಳಮ್ಮ ಒಳ್ಳೆಯವಳು, ಸ್ವಲ್ಪ ಹೊತ್ತಿಗೆ ಕುಡಿದೇ ಬಿಡುತ್ತಿದ್ದಳು. ಊರಿನವರ ಅಡಿಗೆಯ ಹುಳುಕು ಎತ್ತಿ ಆಡಿ ಬದುಕಿದವಳು ನಾನು, ನನ್ನ ಹುಳುಕನ್ನು ಮುಚ್ಚಿ ಬೀಗರ ಮುಂದೆ ಹಲ್ಲು ಕಿರಿಯಲೇ? ಥೂ, ಆಗಲಿಲ್ಲ. ಎದ್ದು ನಿಂತೆ.

“ಎಲ್ಲಾ ಕೇಳಿ. ಇಪ್ಪತ್ತೆರಡು ವರ್ಷದ ಹಿಂದೆ ಹೊಂಬಾಳಮ್ಮನ ಶಾಸ್ತ್ರದಲ್ಲಿ ಬೋರಮ್ಮನ ಸಿಗಡಿ ಸಾರಿಗೆ ಬಿರಡೆ ಅಲ್ಲಾಡಿತ್ತು. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ನಗಾಡಿ ತಟ್ಟೆ ಎತ್ತಿಸ್ದೆ. ಸಾರು ನನ್ನದಕ್ಕಿಂತ ಚೆನ್ನಾಗಿತ್ತು, ಹೊಟ್ಟೆಕಿಚ್ಚಿಗೆ ಮಾಡ್ದೆ.”

ಬೋರಮ್ಮನ ಬೀಸಣಿಗೆ ನಿಂತಿತು. ಅವಳು ನನ್ನನ್ನು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

“ಇಪ್ಪತ್ತೆರಡು ವರ್ಷ,” ಅಂದಳು, ಯಾರಿಗೆ ಹೇಳುತ್ತಿದ್ದಾಳೆ ಅಂತ ಅವಳಿಗೇ ಗೊತ್ತಿಲ್ಲದ ಹಾಗೆ. “ನನ್ ಕೈ ಸರಿ ಇಲ್ಲ, ನಾನೇ ತಂಗಿ ಬಾಳು ಹಾಳು ಮಾಡ್ದೆ ಅಂದ್ಕೊಂಡಿದ್ದೆ. ದಿನಾ ಅವಳ ಮುಂದೆ ತಟ್ಟೆ ಮಡಗುವಾಗ ಅದನ್ನೇ ಅಂದ್ಕೊಂಡೆ.” ಆಮೇಲೆ ಎದ್ದು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. “ಚಲುವ, ಏಳು. ಬಾಟ್ಲಿ ಎತ್ಕೊ. ಈ ಮನೆ ಹೆಣ್ಣು ನಮಗೆ ಬೇಡ.”

“ಅವ್ವ...” ಅಂದ ಚಲುವರಾಜು.

“ಏಳು ಅಂದೆ!”

ಸುಗುಣ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಬೋರಮ್ಮನ ಕಡೆಯವರು ಒಬ್ಬೊಬ್ಬರೇ ಏಳತೊಡಗಿದರು. ಏಳದೆ ಕೂತಿದ್ದವಳು ಹೊಂಬಾಳಮ್ಮ ಒಬ್ಬಳು.

“ಕೂತ್ಕೊ ಅಕ್ಕ,” ಅಂದಳು.

“ಕೇಳಿಸ್ಕೊಂಡ್ಯಾ ಇವಳು ಹೇಳಿದ್ದ? ನಿನ್ ಬಾಳು...”

“ನನ್ ಬಾಳು ತಾನೆ? ಹಂಗಾದ್ರೆ ಮಾತೂ ನಂದೇ. ಅವತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ, ಇವತ್ತು ಯಾವ ಶಾಸ್ತ್ರನೂ ನನ್ ಬಾಯಿ ಕಟ್ಟಿಲ್ಲ. ಇನ್ನೊಂದು ಹುಡುಗಿ ನನ್ ಪಕ್ಕ ಬಂದು ಕೂರೋದು ನಂಗೆ ಬೇಡ. ಒಬ್ಬಳು ಕೂತಿದ್ದು ಸಾಕು.” ಲೋಟ ಎತ್ತಿದಳು. ಎತ್ತಿ, ಜವರಪ್ಪನ ಹಾಗೆ ಮೂಸದೆ, ಚಪ್ಪರಿಸದೆ, ಮಜ್ಜಿಗೆ ಕುಡಿದ ಹಾಗೆ ಗಟಗಟ ಕುಡಿದು, ಖಾಲಿ ಲೋಟವನ್ನು ನೆಲಕ್ಕೆ ಬೋರಲು ಹಾಕಿದಳು. ಕುಡಿದ ಮೇಲೆ ಮುಗಿಯಿತು, ಮದುವೆ ಗಟ್ಟಿ. ಬೋರಮ್ಮ ನಿಂತಲ್ಲೇ ಕೂತಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ಏನು ಮಾಡಬೇಕು ಅಂತ ತೋಚದೆ ನಿಂತಿದ್ದೆ. ಹೊಂಬಾಳಮ್ಮನ ಕಾಲಿಗೆ ಬೀಳೋಣವೆಂದರೆ ಅವಳು ನನಗಿಂತ ಚಿಕ್ಕವಳು, ಬಿದ್ದರೂ ಅವಳಿಗೆ ಅದರಿಂದ ಏನು ಬರಬೇಕು? ಹೊಂಬಾಳಮ್ಮ ಕಲ್ಲಿನ ಕಡೆಗೆ ಕೈ ತೋರಿಸಿದಳು. ಆ ಮೀನಿನ ತಟ್ಟೆಯನ್ನು ತಂದು ಅವಳ ಮುಂದೆ ಇಟ್ಟೆ. ಊರಿಗೆ ಊರೇ ಹಸಿದುಕೊಂಡು ನೋಡುತ್ತಿರುವಾಗ ಅವಳು ನಿಧಾನವಾಗಿ ಮುಳ್ಳು ಬಿಡಿಸಿ, ಗೊಜ್ಜಿಗೆ ಅದ್ದಿ, ಒಂದು ತುತ್ತು ಬಾಯಿಗೆ ಇಟ್ಟುಕೊಂಡಳು. ಅಗಿದಳು. ನನ್ನ ಮುಖ ನೋಡಿದಳು.

“ಉಪ್ಪು ಸಾಲ್ದು,” ಅಂದಳು.

ಉಪ್ಪು ಸರಿಯಾಗಿತ್ತು. ದೇವರಾಣೆಗೂ ಸರಿಯಾಗಿತ್ತು, ನಾನೇ ರುಚಿ ನೋಡಿ ಇಟ್ಟಿದ್ದೆ. “ಹೌದು ಕಣಮ್ಮ, ಸಾಲ್ದು,” ಅಂದು ಒಳಗೆ ಹೋಗಿ ಉಪ್ಪು ತಂದೆ.